ಮೊದಲು ಬಂದ ನೀಲಿ

ಬೆಳಗಿನ ಐದಕ್ಕೆ ಮಂಗಳೂರು ಬಸ್ಸು.
ಕಂಡಕ್ಟರು ಥರ್ಮಾಕೋಲ್ ಡಬ್ಬಿಯನ್ನು ಕಿವಿಗೆ ಹಿಡಿದು
'ಏನ್ ಸಾರ್ ಇದು, ಬರೀ ನೀರು ಕುಲುಕ್ತದೆ' ಅಂದ.
ಸಮುದ್ರ, ಅಂದೆ. ನಗಲಿಲ್ಲ.
ಲಗೇಜಿಗೆ ಅರವತ್ತು ರೂಪಾಯಿ ಹಿಡಿದ.

ದಾವಣಗೆರೆಯಲ್ಲಿ ಸಮುದ್ರ ಸಾಕುವುದು ಸುಲಭವಲ್ಲ.
ನಲ್ಲಿಯಲ್ಲಿ ಭದ್ರೆ ಬರುವುದು ಎಂಟು ದಿನಕ್ಕೊಮ್ಮೆ.
ಅದನ್ನು ಸೋಸಿ, ಒಂದು ರಾತ್ರಿ ತಂಗಿಸಿ,
ತೂಗಿದ ಉಪ್ಪು ಕದಡಿ, ಇನ್ನೊಂದು ರಾತ್ರಿ ಕಾದು—
'ನಿನ್ನ ಮಗಳು ಹುಟ್ಟಿದಾಗ
ಈ ಶಿಸ್ತು ಎಲ್ಲಿಟ್ಟಿದ್ದೆ?' ಎನ್ನುತ್ತಾಳೆ ಗಿರಿಜವ್ವ, ನನ್ನ ಅತ್ತೆ.

ಹಿತ್ತಿಲ ಗೋಡೆಯಾಚೆ ಹಯಾತ್ ಸಾಬರ ಮಂಡಕ್ಕಿ ಭಟ್ಟಿ.
ಅಕ್ಕಿಗೆ ಉಪ್ಪುನೀರು ಹಿಡಿಸುತ್ತ ನಲವತ್ತು ವರ್ಷ.
ನನ್ನ ಕೈಲಿ ಬೆಳಕಿಗೆ ಹಿಡಿದು ನೋಡುವ ಮಾಪಕ;
ಅವರು ತೊಟ್ಟಿಯಲ್ಲಿ ಬೆರಳದ್ದಿ ನಾಲಗೆಗಿಟ್ಟು
'ಒಂದು ಚಿಟಿಕೆ ಜಾಸ್ತಿ' ಅನ್ನುತ್ತಾರೆ.
ಎರಡು ಸಲ ಮಾಪಕ ಅವರ ಮಾತು ಒಪ್ಪಿತು,
ಒಂದು ಸಲ ಇಲ್ಲ.
ಆ ಒಂದನ್ನು ನಾನು ಹೇಳಲಿಲ್ಲ.

ತಪ್ಪಿದ್ದು ಶುರುವಿನಲ್ಲೇ.
ಅಗ್ಗಕ್ಕೆ ಸಿಕ್ಕಿತೆಂದು ನೀಲಿ ಡ್ಯಾಮ್ಸೆಲ್ ಒಂದನ್ನು
ಎಲ್ಲರಿಗಿಂತ ಮೊದಲು ಬಿಟ್ಟೆ.
ಹೆಬ್ಬೆರಳಷ್ಟು ಮೀನು. ಗ್ಯಾಸ್ ಒಲೆಯ ಉರಿಯ ನೀಲಿ.
ಎರಡೇ ತಿಂಗಳಲ್ಲಿ ನಾಲ್ಕಡಿ ನೀರಿನ ಪಹಣಿ ಪೂರ್ತಿ
ತನ್ನ ಹೆಸರಿಗೆ ಮಾಡಿಸಿಕೊಂಡಿತ್ತು.
ಗಾಜು ಒರೆಸಲು ಕೈಯಿಟ್ಟರೆ
ಅನ್ನ ಹಾಕುವ ಕೈಯೆಂಬ ಮುಲಾಜೂ ಇಲ್ಲ.

ಆಮೇಲೆ ಅವರಿವರನ್ನು ಕೇಳಿ ತಿಳಿದದ್ದು:
ಪುಕ್ಕಲರು ಮೊದಲು ಬರಬೇಕು, ಜಗಳಗಂಟರು ಕಡೆಗೆ.
ಒಂದೇ ಬಣ್ಣ, ಒಂದೇ ಮೈಕಟ್ಟಿನವರು
ನೆಂಟರ ಹಾಗೆ ಕಾಣುತ್ತಾರೆ,
ದಾಯಾದಿಗಳ ಹಾಗೆ ಬದುಕುತ್ತಾರೆ.
ಮಗಳು ಮಾನ್ಯ ಹಟ ಹಿಡಿದ ಸಿಂಹಮೀನು
ರೇಷ್ಮೆ ಸೆರಗು ಹರಡಿಕೊಂಡು ಮೆಲ್ಲಗೆ ಬಂದು
ಬಾಯಿಗೆ ಹಿಡಿಸುವ ನೆರೆಯವರನ್ನೆಲ್ಲ ನುಂಗುತ್ತದಂತೆ.
'ಬಾಯಿ ಚಿಕ್ಕದಿರೋ ಸಿಂಹ ಸಿಗಲ್ವಾ?' ಅಂದಳು.

ಅದಕ್ಕೇ ಇವತ್ತಿನ ಡಬ್ಬಿಯಲ್ಲಿ ಗೋಬಿ.
'ಮಂಚೂರಿನಾ?' ಎಂದರು ಹಯಾತ್ ಸಾಬರು.
ಅಲ್ಲ, ಬಿಲದ ಬಾಗಿಲಲ್ಲಿ ಕೂರುವ ಸಾಧು ಮೀನು.
ಜೊತೆಗೆ ಕಣ್ಣು ಮಂಜಾದ ಸೀಗಡಿ.
ಅದು ಮರಳು ತೋಡುತ್ತದೆ, ಇದು ಕಾವಲು ಕಾಯುತ್ತದೆ,
ಸೀಗಡಿಯ ಮೀಸೆ ಸದಾ ಮೀನಿನ ಬಾಲದ ಮೇಲೆ.

ನಿನ್ನೆಯೇ ನೀಲಿಯನ್ನು ಹಿಡಿದಾಗಿತ್ತು.
ಒಂದೂವರೆ ಗಂಟೆ, ಎರಡು ಬಲೆ, ಒದ್ದೆ ಚಾಪೆ.
ತೂತಿನ ಬುಟ್ಟಿಯೊಳಗೆ ಕೂಡಿ ಮೂಲೆಗೆ ತೇಲಿಬಿಟ್ಟೆ.
ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಥರ ಜೋಡಿಸಿದೆ:
ಅದರ ಗುಹೆ ಈಗ ಓಣಿ, ಅದರ ಅಂಗಳ ಈಗ ಗೋಡೆ.
ತೂತಿನಿಂದ ನೋಡುತ್ತಲೇ ಇತ್ತು.
ಪಾಪ ಅನ್ನಿಸಿತು. ಮಾಡಿದವನಿಗೆ ಹಾಗನ್ನಿಸಿ ಏನು ಬಂತು.

ದೀಪ ಆರಿಸಿ, ಚೀಲ ತೇಲಿಸಿ ಇಪ್ಪತ್ತು ನಿಮಿಷ.
ಆಮೇಲೆ ಸಣ್ಣ ಪೈಪಿಗೆ ಗಂಟು ಹಾಕಿ
ಹನಿ
ಹನಿ
ನಮ್ಮ ನೀರು ಅದರ ನೀರಿಗೆ.
ಹಯಾತ್ ಸಾಬರು ಭಟ್ಟಿ ತಮ್ಮನಿಗೊಪ್ಪಿಸಿ ಬಂದು ಕೂತರು.
'ಅಕ್ಕಿಗೂ ಇಷ್ಟೇ. ಅವಸರ ಮಾಡಿದ್ರೆ ಉಪ್ಪು ಒಳಗಿಳಿಯಲ್ಲ,
ಮೈಗಂಟಿ ಕೂರುತ್ತೆ, ಮರಳಲ್ಲಿ ಸೀದು ಹೋಗುತ್ತೆ.'
ಕರೆಂಟು ಹೋಯಿತು. ಯಾರೂ ಏಳಲಿಲ್ಲ.
ಬ್ಯಾಟರಿ ಪಂಪು ಮಾತ್ರ ಬೆಕ್ಕಿನಂತೆ ಗುರುಗುಟ್ಟಿತು.
ಕತ್ತಲಲ್ಲಿ ಹನಿ ಎಣಿಸುತ್ತಿದ್ದ ಮಾನ್ಯ
ಇನ್ನೂರರ ಹತ್ತಿರ ನಿದ್ದೆ ಹೋದಳು.

ಚೀಲದ ನೀರು ಬಚ್ಚಲಿಗೆ, ಮೀನು ಮಾತ್ರ ತೊಟ್ಟಿಗೆ.
ಗೋಬಿ ಗೋಲಿಯ ಹಾಗೆ ತಳಕ್ಕಿಳಿದು ಮಾಯ.

ನಾಲ್ಕು ದಿನ ಕಾಣಲಿಲ್ಲ.
ಐದನೆಯ ಬೆಳಗ್ಗೆ ಮರಳಿನಲ್ಲೊಂದು ಹೊಸ ತೂತು,
ತೂತಿನ ಬಾಯಲ್ಲಿ ಎರಡು ಕಣ್ಣು.
ಆವತ್ತೇ ನೀಲಿಯನ್ನು ಬಿಟ್ಟೆ.
ನೆಟ್ಟಗೆ ಹಳೆಯ ವಿಳಾಸಕ್ಕೆ ಹೋಯಿತು,
ಗೋಡೆಗೆ ಮೂತಿ ತಾಗಿಸಿಕೊಂಡು ನಿಂತಿತು,
ಪಟ್ಟೆ ಬಟ್ಟೆ ಮಡಚಿಟ್ಟ ಬೀರು ಖಾಲಿಯೆಂದು ಕಂಡವರ ಹಾಗೆ.
ಆಮೇಲೆ ಒಮ್ಮೆ ತೂತಿನತ್ತ ನುಗ್ಗಿತು.
ಗೋಬಿಯ ರೆಕ್ಕೆಯಂಚು ಎಳ್ಳಿನಷ್ಟು ಹರಿಯಿತು.
ಮತ್ತೆ ನುಗ್ಗಿಲ್ಲ, ಇವತ್ತಿನವರೆಗೆ.

ಬುಟ್ಟಿಯನ್ನು ಅಟ್ಟಕ್ಕೆ ಹಾಕಿಲ್ಲ.
ತೊಟ್ಟಿಯ ಪಕ್ಕದಲ್ಲೇ ಇದೆ,
ಕೈಗೆ ಸಿಗುವ ಹಾಗೆ.