ಕೀಲಿ ಇರುವತನಕ

ಗಂಗಾವತಿಯ ರೈಸ್‌ಮಿಲ್ಲು, ರಾತ್ರಿ ಎರಡೂವರೆ.
ಅಕ್ಕಿ ಆರಿಸುವ ಯಂತ್ರದ ಹೊಟ್ಟೆ ಬಿಚ್ಚಿ
ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಿದ್ದೇನೆ.
ಕೀಲಿಮಣೆಯ ಸಂದಿಗೆಲ್ಲ ತೌಡು.

ಪ್ರೊಸೆಸರ್ ಒಂದು, ಒಳಗೆ ನಾಲ್ಕು ಎಳೆ.
ಒಂದು ಕ್ಯಾಮೆರಾದಲ್ಲಿ ನೋಡುತ್ತದೆ,
ಒಂದು ಕಪ್ಪು ಕಾಳು ಕಂಡರೆ ಗಾಳಿ ಊದುತ್ತದೆ,
ಒಂದು ಪರದೆಗೆ ಹಸಿರು ಅಂಕಿ ಬಳಿಯುತ್ತದೆ.
ನಾಲ್ಕನೆಯದು, ಪಾಪ, ಗುಮಾಸ್ತ:
ಹೋದ ಕಾಳೆಷ್ಟು, ಉಳಿದದ್ದೆಷ್ಟು.

ಬೀಳುವ ಕಾಳು ಕಾಯುವುದಿಲ್ಲ.
ಕಣ್ಣಿನಿಂದ ಊದುಗೊಳವೆಗೆ ನಾಲ್ಕೇ ಬೆರಳು.
ತಡವಾದರೆ ಗಾಳಿ ಹೊಡೆಯುವುದು
ಹಿಂದೆ ಬಂದ ಬಿಳಿಯದಕ್ಕೆ.

ಅದಕ್ಕೇ ಬರೆದೆ:
ಊದುವವನಿಗೆ ತೊಂಬತ್ತು, ನೋಡುವವನಿಗೆ ಎಂಬತ್ತು,
ಪರದೆಗೆ ನಲವತ್ತು, ಗುಮಾಸ್ತನಿಗೆ ಹತ್ತು.
ಹುಟ್ಟುವ ಮೊದಲೇ ಹಣೆಗೊಂದು ಅಂಕಿ,
ನಮ್ಮ ಕಡೆ ಇದೇನು ಹೊಸದಲ್ಲ.

ಆದರೂ ತಾಸಿಗೊಮ್ಮೆ ತೊಂಬತ್ತರವನು
ಕೈಕಟ್ಟಿ ನಿಲ್ಲುತ್ತಾನೆ,
ಕಪ್ಪು ಕಾಳು ಸೋನಾಮಸೂರಿಯೊಳಗೆ
ರಾಜಾರೋಷವಾಗಿ ನಡೆದುಹೋಗುತ್ತದೆ.

ಯಾಕೆಂದು ಹೊಳೆದದ್ದು ಮಧ್ಯಾಹ್ನ, ಗೋದಾಮಿನ ಮುಂದೆ.

ಕಸ ಹೊಡೆಯಲು ಕೀಲಿ ಒಯ್ದ ಯಮನೂರಪ್ಪ
ಮರಳಿ ಕೊಡಲು ಹೊರಟಿದ್ದ.
ಹಮಾಲರು ಕೂಗಿದರು: ಚಾ ತಾ.
ಲಾರಿ ಡ್ರೈವರು: ಗ್ಲಾಸು ಒರಸು.
ತೂಕದವನು: ಓಡು, ಎಲಿ ಅಡಿಕಿ.
ಎಲ್ಲರೂ ಅವನಿಗಿಂತ ಮೇಲಿನವರು,
ಯಾರಿಗೆ ಇಲ್ಲ ಅಂದಾನು?
ಎಲ್ಲರಿಗಿಂತ ಮೇಲಿನ ಸಾವ್ಕಾರರು
ಬಿಸಿಲಲ್ಲಿ, ಮುಚ್ಚಿದ ಬಾಗಿಲೆದುರು,
ಒಂದು ಗ್ಲಾಸು ಚಾಕ್ಕೆ ಕಾಯುತ್ತ ನಿಂತಿದ್ದರು.

ಕೊನೆಗೆ ಒದರಿದರು:
‘ಅವನ ಕೈಯಾಗ ಕೀಲಿ ಇರೂತನಕ ಅವನ ನಾನು!
ಯಾರೂ ಕೆಲಸ ಹೇಳಬ್ಯಾಡ್ರಿ.’

ಅಂಗಳ ಸೀಳಿಕೊಂಡು ಬಂದ ಯಮನೂರಪ್ಪ.
ಡ್ರೈವರು ಕಾಲು ಹಿಂದೆಳೆದುಕೊಂಡ.
ಮೂವತ್ತು ಹೆಜ್ಜೆ ಇರಬಹುದು.
ಕೀಲಿ ಸಾವ್ಕಾರರ ಕೈಗೆ ಬಿತ್ತೋ ಇಲ್ಲವೋ
ಹಿಂದಿನಿಂದ: ‘ಲೇ ಯಮನೂರಾ, ಗ್ಲಾಸು!’

ಈಗ ಅದನ್ನೇ ಒಂದು ಸಾಲಿನಲ್ಲಿ ಬರೆಯುತ್ತಿದ್ದೇನೆ.
ಎಣಿಕೆಯ ಪಟ್ಟಿಯ ಬೀಗ ಗುಮಾಸ್ತನ ಬಳಿ ಇದ್ದು
ಊದುವವನು ಕಾಯುತ್ತಿದ್ದರೆ
ಗುಮಾಸ್ತನಿಗೂ ತೊಂಬತ್ತು.
ಬಿಟ್ಟ ಕ್ಷಣವೇ, ಹತ್ತು.
ಆ ಎರಡನೆಯ ಭಾಗ ನಾನು ಬರೆಯಬೇಕಾಗಿಲ್ಲ.
ತಾನಾಗಿಯೇ ಆಗುತ್ತದೆ.

ಯಂತ್ರ ಗುಂಯ್ ಅಂದಿತು.
ಉಫ್, ಉಫ್. ಕರಿ ಕಾಳು ಬದಿಗೆ ಹಾರುತ್ತಿವೆ.
ಕಸಬರಿಗೆ ಹಿಡಿದು ಬಂದವನು ಕೇಳಿದ:
‘ಸರಿಹೋತೇನ್ರಿ ಅಕ್ಕಾರ?’
ಹೂಂ ಅಂದೆ.
ಅವನು ಬಗ್ಗಿ, ಎಸೆದ ರಾಶಿಯಲ್ಲಿ ಬೆರಳಾಡಿಸಿ
ಒಂದು ಬಿಳಿ ಅಕ್ಕಿ ಎತ್ತಿ ದೀಪಕ್ಕೆ ಹಿಡಿದ.
‘ಇದು ಚೊಲೋದಿತ್ತಲ್ರಿ,’ ಅಂದು
ಬಾಯಿಗೆ ಹಾಕಿಕೊಂಡು
ಉಳಿದದ್ದನ್ನು ಗುಡಿಸತೊಡಗಿದ.