ನಲವತ್ತೊಂದನೇ ಕಣ್ಣು

ಕುರ್ತೋರಿ ದಾಟಿ, ಗದ್ದಿ ಮುಗದು ಗೇರುಗುಡ್ಡ ಏರೂ ಕಡೆ
ಒಂದು ಬಾವಿ. ಇಲ್ಲಿ ಮಂದಿ ಬಾಂಯ್ ಅಂತಾರ.
ನಮ್ಮ ಹಿರೇರು ಬಾಯಿ ಅಂತಿದ್ರು.
ಮೂಗಿನಾಗ ಒಂದೀಟು ಗಾಳಿ, ಅಷ್ಟಽ ಫರಕು.

ಮ್ಯಾಲಿನವರಿಗೆ ಏಳನೂರು, ಇಳಿದವರಿಗೆ ಸಾವಿರ.
ಇಳಿದಾಂವ ನನ್ನ ಮೈದುನ ಹುಲುಗಪ್ಪ.
ಹಗ್ಗಕ್ಕ ನಾನು, ನೆಗೆಣ್ಣಿ ದುರುಗವ್ವ,
ಹಗ್ಗಕ್ಕಿಂತ ಬೀಡಿ ಗಟ್ಟಿ ಹಿಡಿಯೂ ಯಂಕೋಬ.
ಮೊದಲು ಕಂದೀಲು ಇಳಿಬಿಟ್ಟಿವಿ.
ಆರಲಿಲ್ಲ. ಅಂದ್ರ ಒಳಗಿನ್ನೂ ಉಸುರೈತಿ.

ಟಾಯರು ಬಂತು. ಬಾಟಲಿ ಬಂದುವು, ಎಣಿಸೂದು ಬಿಟ್ಟಿವಿ.
ಪ್ಲಾಸ್ಟರ್ ಗಣಪ್ಪನ ಅರ್ಧ ಸೊಂಡಿಲು,
ಯಾರದೋ ಮದುವಿ ಫೋಟೋದ ಚೌಕಟ್ಟು, ಫೋಟೋ ಇಲ್ಲ.
ಆಮ್ಯಾಲೆ ಎರಡು ದಿನ ಬರೇ ರಾಡಿ,
ತುಕ್ಕಿನ ವಾಸನಿ, ರಟ್ಟಿ ಸೆಳೆತ, ಮತ್ತ ರಾಡಿ.

ನಾಲ್ಕನೇ ದಿನ ಬುಟ್ಟ್ಯಾಗ ಕಣ್ಣು ಬಂದುವು.

ಬೆಳ್ಳಿವು, ತಗಡಿನುವು, ಉಗುರಗಲದ ಕಣ್ಣು,
ರೆಪ್ಪಿ ಇಲ್ಲದುವು, ರಾಡಿ ಒರಸಿದಂಗ ನಮ್ಮನ್ನ ನೋಡೂವು.
ದುರುಗವ್ವ ಹಗ್ಗ ಬಿಟ್ಟು ಹಿಂದ ಸರದ್ಲು.

ಎಸ್ಪೆರಾನ್ಸ ಮುದುಕಿ, ದಿನಾ ಛತ್ರಿ ಹಿಡಕೊಂಡು ಬಂದು
ನಮ್ಮ ಕೆಲಸ ಕಾಯೂವಾಕಿ, ನೆಲಕ್ಕ ಕುಂತು ಉಡಿ ಒಡ್ಡಿದ್ಲು.
ಕಣ್ಣಬ್ಯಾನಿಗೆ ಸಾಯ್ಬಿಣಿಗೆ ಹರಕಿ ಹೊತ್ತವರದು, ಅಂದ್ಲು.
ಗುಡಿಯವರೂ ಹಾಕತಿದ್ರು, ಇಗರ್ಜಿಯವರೂ.
ನಮ್ಮವ್ವ ನನ್ನ ಸಲುವಾಗಿ ಒಂದು ಹಾಕಿದ್ಲು, ಒಂದಽ.
ಬಡತನ, ಜೋಡಿಗೆ ರೊಕ್ಕ ಇರಲಿಲ್ಲ.
ಅದಕ್ಕ ಒಂದಽ ವಾಸಿ ಆತು, ಅಂತ
ಹಾಲುಗಟ್ಟಿದ ಎಡಗಣ್ಣು ತೋರಿಸಿ ನಕ್ಕಳು.

ಅವತ್ತು ಸಂಜಿಕೆ ಕೆಂಪು ಕಲ್ಲಿನ ಸಂದಿಯಿಂದ
ಶಬ್ದ ಮೊದಲು ಬಂತು, ಆಮ್ಯಾಲೆ ನೀರು.
ಹುಲುಗಪ್ಪ ಕೂಗಲಿಲ್ಲ. ಹೆಲ್ಮೆಟ್ ತಗದು ತುಂಬಿ, ಕುಡದು,
ಉಳಿದದ್ದು ಬುಟ್ಟ್ಯಾಗ ಇಟ್ಟು ಹಗ್ಗ ಜಗ್ಗಿದ.
ಬೆವರು, ಸಿಮೆಂಟು, ಕಲ್ಲಿನ ತಂಪು,
ಮೂರೂ ರುಚಿ ಇತ್ತು.

ನನ್ನಜ್ಜ ಊರಾಗ ಬಾವಿ ತೋಡಿದ್ದ, ಅರವತ್ತು ಮೊಳ.
ನೀರು ಬಂದ ದಿನ ಅವನ್ನ ಮ್ಯಾಲೆ ಜಗ್ಗಿದ ಹಗ್ಗಾನಽ
ಮರುದಿನ ಮುಟ್ಟಬ್ಯಾಡ ಅಂದ್ರು.

ಇಲ್ಲೆ ಐತವಾರ ಹಂದರ ಹಾಕಿದ್ರು, ಮೇಣಬತ್ತಿ, ಅಬ್ಬಲಿಗಿ ಹೂವು.
ಮೊದಲ ಕೊಡ ಪಾದ್ರಿ ಎತ್ತಬೇಕೋ, ಪುಂಡಲೀಕ ಗಾಂವಕಾರ ಎತ್ತಬೇಕೋ
ಅಂತ ತಾಸುಗಟ್ಟಲೆ ಮಾತು.
ನಾವು ಗೇರುಮರದ ಬುಡಕ ಕುಂತಿದ್ವಿ.
ಹುಲುಗಪ್ಪ ಹೆಲ್ಮೆಟ್ ತೊಡಿಮ್ಯಾಲಿಟ್ಟು ಸುಮ್ಮನಿದ್ದ.
ನನಗ ನಗಿ ತಡೀಲಿಲ್ಲ, ಸೆರಗು ಕಚ್ಚಿದೆ.

ಕಣ್ಣೆಲ್ಲ ತೊಳದು ಮತ್ತ ನೀರಿಗೆ ಬಿಟ್ರು.
ತಗದದ್ದು ನಲವತ್ತೊಂದು, ಬಿಟ್ಟದ್ದು ನಲವತ್ತು.
ಎಸ್ಪೆರಾನ್ಸ ನನ್ನ ಕಡೆ ನೋಡಿದ್ಲು, ಒಂದಽ ಕಣ್ಣಿಲೆ.
ಏನೂ ಅನಲಿಲ್ಲ.

ಈಗ ಅಸಗಾಂವದಾಗ ಬಂಗಲೆಯವರ ಈಜುಕೊಳ ತೋಡಾಕತ್ತೀವಿ.
ನೀರು ಟ್ಯಾಂಕರಿನಾಗ ಬರತೈತಂತ, ಸೆಲಿ ಹುಡುಕೂ ಕೆಲಸಿಲ್ಲ.
ಎಲಿ ಅಡಿಕಿ ಚಂಚಿ ಬಿಚ್ಚಿದಾಗೆಲ್ಲ
ಸುಣ್ಣದ ಡಬ್ಬಿ ಮಗ್ಗಲಕ
ಅದು, ಕಣ್ಣು ಮುಚ್ಚೂದಽ ಇಲ್ಲ.