ಇಕ್ಕಳ

ಸೆಪ್ಟೆಂಬರಿನ ಮೊದಲ ವಾರ. ದೋಣಿಯ ಹಲಗೆ ಮೇಲೆ
ಇಬ್ಬನಿ ಗಟ್ಟಿಯಾಗಿತ್ತು, ಉಗುರಲ್ಲಿ ಕೆರೆದರೆ
ಉಪ್ಪಿನ ಹಾಗೆ ಉದುರುತ್ತಿತ್ತು.
ಕಂಬಳಿ ಮಡಿಸಿ ಹಾಕಿ ಆತನನ್ನು ಕೂರಿಸಿದೆ:
ವೆಂಡೆಲ್ ಹಾಫ್‌ಸ್ಟಾಡ್, ರೆಜೈನಾ ಊರಿನ ಹಲ್ಲಿನ ಡಾಕ್ಟರು, ನಿವೃತ್ತ,
ಮೂರು ದಿನಕ್ಕೆ ಹಣ ಕಟ್ಟಿ
ಎರಡನ್ನು ಗಾಳಿಗೆ ಕಳೆದುಕೊಂಡವನು.

ನಾನು ಡೆಲ್ಫೀನ್. ನಕ್ಷೆಯಲ್ಲಿ ಇದು ಗ್ರೇಟ್ ಸ್ಲೇವ್ ಸರೋವರ,
ನಮ್ಮ ಜನರ ಬಾಯಲ್ಲಿ ಬರೀ ದೊಡ್ಡ ನೀರು.
ಇಪ್ಪತ್ತಾರು ಬೇಸಗೆ
ಬೇರೆಯವರ ಗಾಳಕ್ಕೆ ಮೀನಿನ ದಾರಿ ತೋರಿಸಿ
ಒಲೆ ಹೊತ್ತಿಸಿದವಳು.

ಮೋಟಾರು ಎಳೆಯುವ ಮೊದಲು ಚಿಟಿಕೆ ಹೊಗೆಸೊಪ್ಪು
ನೀರಿಗೆ ಬಿಟ್ಟೆ. ಆತ ನೋಡಿದ. ಕೇಳಲಿಲ್ಲ.
ಒಳ್ಳೆಯ ಗಿರಾಕಿ.

ದಂಡೆಯ ಕುಳ್ಳ ಬರ್ಚುಗಳು ಒಂದೇ ರಾತ್ರಿಯಲ್ಲಿ
ಜ್ವರ ಬಂದ ಮಗುವಿನ ಕಿವಿಯ ಹಾಗೆ ಕೆಂಪಾಗಿದ್ದವು.
ಬೇಸಗೆಯೆಲ್ಲ ಟ್ರೌಟುಗಳು ನೂರಡಿ ಆಳದ ಕತ್ತಲಲ್ಲಿ, ಎಂದೆ,
ನೀರು ತಣಿದ ಮೇಲೆ ಒಂದೊಂದೇ ಮೇಲೆ ಬರುತ್ತವೆ
ಕಲ್ಲುದಿಬ್ಬಗಳಿಗೆ, ಮೊಟ್ಟೆ ಇಡಲು.
ಹೆರಿಗೆಗೆ ತವರಿಗೆ ಬಂದ ಹಾಗೆ. ತೊಟ್ಟಿಲಿಲ್ಲ, ಬಾಣಂತನವಿಲ್ಲ,
ಬಿರುಕಿನಲ್ಲಿ ಉದುರಿಸಿ ಹೊರಟೇಬಿಡುತ್ತವೆ.

ಇದು ನಾನು ಹೇಳಿದ್ದು.
ಹೇಳದ್ದು: ಯಾವ ದಿಬ್ಬ.
ಒಂದು ದ್ವೀಪವನ್ನು ಸುಮ್ಮನೆ ಎರಡು ಸುತ್ತು ಹಾಕಿದೆ,
ದಾರಿ ನೆನಪಿಡುವ ಕಣ್ಣಿಗೆ ದಿಕ್ಕು ತಪ್ಪಲಿ ಎಂದು.
ಫೋನು ಒಳಗಿಡಿ, ನೀರು ಹಾರುತ್ತದೆ ಎಂದೆ.
ನೀರು ಹಾರುತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಕೋಲು ಬಾಗಿತು.
‘ಕಲ್ಲಿಗೆ ಸಿಕ್ಕಿತು’ ಎಂದ.
ಕಲ್ಲು ತಲೆ ಒದರಿತು.

ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಮಾತಾಡಲಿಲ್ಲ.
ಕೊಡು, ಎಳೆ, ಕೊಡು. ರೀಲಿನ ಕಿರುಗುಟ್ಟು.
ನಲವತ್ತು ವರ್ಷ ಬೇರೆಯವರ ಬಾಯಿಯಲ್ಲಿ ಅಲುಗದೆ ನಿಂತ ಕೈ
ಈಗ ಎಲೆಯಂತೆ ನಡುಗುತ್ತಿತ್ತು,
ನಾನು ನೋಡದಂತೆ ನೋಡಿದೆ.

ಮೊದಲು ಬಂದದ್ದು ಗುಳ್ಳೆಗಳು. ಆಳದಿಂದ ಬಂದ ಮೀನು
ಹೊಟ್ಟೆಯ ಗಾಳಿಯನ್ನು ತೇಗಿ ಹೊರಬಿಡುತ್ತದೆ,
ಹಬ್ಬದೂಟ ಮುಗಿಸಿದ ಹಿರಿಯರಂತೆ.
ಆಮೇಲೆ ಬೆನ್ನು: ಬೂದಿ ಬಣ್ಣ, ಮೇಲೆ ಮಾಸಿದ ಚುಕ್ಕೆ,
ನನ್ನ ತೋಳಿಗಿಂತ ಉದ್ದ.

ಬಲೆಯನ್ನು ನೀರಲ್ಲೇ ಹಿಡಿದೆ. ಕೊಕ್ಕೆ ಬಿಡಿಸಲು ಬಾಗಿದೆ.
‘ನಾನು’ ಎಂದ ವೆಂಡೆಲ್,
ಒಳಜೇಬಿನಿಂದ ಇಕ್ಕಳ ತೆಗೆದ, ಹಲ್ಲು ಕೀಳುವ ಹಳೆಯ ಇಕ್ಕಳ,
ಅಂಗೈ ನೀರಲ್ಲಿ ಅದ್ದಿ, ತಗ್ಗಿದ ದನಿಯಲ್ಲಿ,
ಅಭ್ಯಾಸದಿಂದ, ಮೀನಿಗೆ ಹೇಳಿದ:
‘ಸ್ವಲ್ಪ ಬಾಯಿ ತೆಗೀರಿ.’

ನಡುಕ ನಿಂತಿತ್ತು.
ಒಂದು ತಿರುವು, ಕೊಕ್ಕೆ ಹೊರಗೆ, ಹನಿ ರಕ್ತವಿಲ್ಲ.
ಆದರೂ ಕೈ ತೆಗೆಯದೆ ಇಣುಕಿ ನೋಡುತ್ತಲೇ ಇದ್ದ.
‘ಎಡದವಡೆ ಯಾವಾಗಲೋ ಸೀಳಿದೆ. ಯಾರೋ ಅವಸರಪಟ್ಟಿದ್ದಾರೆ.’
‘ಇರಬಹುದು’ ಎಂದೆ.

ಹನ್ನೊಂದು ವರ್ಷದ ಹಿಂದೆ, ಇದೇ ದಿಬ್ಬ,
ಸಂಜೆಗತ್ತಲು, ದಡದಲ್ಲಿ ವಿಮಾನಕ್ಕೆ ಕಾಯುವ ನಾಲ್ವರು,
ನನ್ನ ಮರಗಟ್ಟಿದ ಬೆರಳು, ಜಾರಿದ ಇಕ್ಕಳ.
ಬಿಟ್ಟ ಮೇಲೆ ಅದು ಓರೆಯಾಗಿ ಮುಳುಗಿತ್ತು.
ಸತ್ತಿತೆಂದೇ ಇಷ್ಟು ದಿನ
ಲೆಕ್ಕದಲ್ಲಿಟ್ಟಿದ್ದೆ.

‘ಚೆನ್ನಾಗಿಯೇ ಕೂಡಿಕೊಂಡಿದೆ’ ಎಂದ ಆತ, ‘ತಿನ್ನುವುದಕ್ಕೆ ತೊಂದರೆಯಿಲ್ಲ.’

ಬಾಲದ ಬುಡ ಹಿಡಿದು ಇಬ್ಬರೂ ಕಾದೆವು.
ಕಿವಿರು ತೆರೆದು, ಮುಚ್ಚಿ, ತೆರೆದು.
ಹೋಗುವಾಗ ನನ್ನ ತೋಳು ಮೊಣಕೈವರೆಗೆ ತೋಯಿಸಿ ಹೋಯಿತು.
ಫೋಟೋ? ಇಬ್ಬರಿಗೂ ನೆನಪಾಗಲಿಲ್ಲ.

ಮಧ್ಯಾಹ್ನ ಬಂಡೆಯ ಮೇಲೆ ಬೆಂಕಿ. ಸಣ್ಣದೊಂದು ಮೀನು,
ಆಲೂಗಡ್ಡೆ, ಈರುಳ್ಳಿ, ಕರಿಹಿಡಿದ ಬಾಣಲೆ.
ಆ ದಿಬ್ಬಕ್ಕೆ ಹೆಸರೇನು ಎಂದು ಕೇಳಿದ.
ಇಲ್ಲ ಎಂದೆ. ಇದೆ.
ಆತ ತಲೆಯಾಡಿಸಿ ಇನ್ನಷ್ಟು ಆಲೂಗಡ್ಡೆ ಹಾಕಿಸಿಕೊಂಡ.

ಮರುದಿನ ವಿಮಾನ ಹೋದ ಮೇಲೆ ದೋಣಿ ತೊಳೆಯುವಾಗ
ನನ್ನ ಸೀಟಿನ ಕೆಳಗೆ, ಒಣಬಟ್ಟೆಯಲ್ಲಿ ಸುತ್ತಿ,
ಆ ಇಕ್ಕಳ.
ಮರೆತವರು ಬಟ್ಟೆ ಸುತ್ತುವುದಿಲ್ಲ.
ಹಿಡಿಯ ಗೀರುಗಳೆಲ್ಲ ಸವೆದಿದ್ದವು,
ನನ್ನ ಕೈಗೆ ತುಸು ದೊಡ್ಡದು.